ಬಾನಿಗೆ ಬಿಡುವ ಮುನ್ನ

ಆಷಾಢದ ಗಾಳಿಯಲ್ಲಿ ಬೆಂಗಳೂರಿನ ಮಹಡಿಗಳ ಮೇಲೆ ಪಟ ಏರುವಾಗ, ಗಾಜಿನ ಪುಡಿ ಮೆತ್ತಿದ ಮಾಂಜಾ ದಾರಕ್ಕೆ ಸಿಕ್ಕಿ ಹದ್ದುಗಳ ರೆಕ್ಕೆ ಸೀಳುತ್ತದೆ. ಗಾಯ ಹೊಲಿಯುವುದು ದೊಡ್ಡ ಕೆಲಸವೇ. ಆದರೆ ಮಾಯ್ದ ಹಕ್ಕಿಯನ್ನು ಬಿಡಬಹುದೇ ಎಂದು ತೀರ್ಮಾನಿಸುವ ಕೈಗಳ ಮೇಲೆ ನನಗೆ ಇನ್ನೂ ಹೆಚ್ಚಿನ ಗೌರವ.

ಆ ಕೈ ಮೊದಲು ಎದೆಮೂಳೆಯನ್ನು ತಡವುತ್ತದೆ. ಅದರ ಏಣು ಚಾಕುವಿನ ಅಂಚಿನಂತೆ ತಾಕಿದರೆ ಹಾರಾಟದ ಸ್ನಾಯು ಸೊರಗಿದೆ ಎಂದರ್ಥ. ಎರಡೂ ಬದಿ ದುಂಡಗೆ ತುಂಬಿರಬೇಕು. ಬಳಿಕ ಭುಜದಿಂದ ಮಣಿಕಟ್ಟಿನವರೆಗೆ ಚಾಚಿದ ತೆಳು ಚರ್ಮ. ಮಾಂಜಾ ಕತ್ತರಿಸುವುದು ಬಹಳ ಸಲ ಇದನ್ನೇ. ಮಾಯ್ದ ಕಲೆ ಬಿಗಿದು ರೆಕ್ಕೆ ಪೂರ್ತಿ ಬಿಚ್ಚದಿದ್ದರೆ, ಹೊರನೋಟಕ್ಕೆ ಎಷ್ಟೇ ಚೆಂದವಿದ್ದರೂ ಆ ಹದ್ದು ಬಾನಿಗೆ ಸಿದ್ಧವಲ್ಲ. ಅಂಗಾಲಿನ ಬಾವು, ಕಣ್ಣಿನೊಳಗಿನ ಪೆಟ್ಟು, ಮುರಿದ ಗರಿ ಎಲ್ಲವನ್ನೂ ನೋಡುತ್ತಾರೆ. ಮುರಿದ ಗರಿಯ ಬುಡಕ್ಕೆ, ಹಿಂದೆ ಉದುರಿದ ಗರಿಯೊಂದನ್ನು ಬಿದಿರ ಕಡ್ಡಿಯಿಂದ ಬೆಸೆಯುವ ವಿದ್ಯೆಯೂ ಇದೆ. ಬೇಟೆಗೆ ಡೇಗೆ ಸಾಕುತ್ತಿದ್ದವರಿಂದ ಬಂದದ್ದು.

ಕೊನೆಗೆ ಉದ್ದನೆಯ ಪಂಜರದಲ್ಲಿ ಮತ್ತೆ ಮತ್ತೆ ಹಾರಿಸುತ್ತಾರೆ. ಎರಡೂ ರೆಕ್ಕೆಯ ಬಡಿತ ಸಮವೇ? ಇಳಿದ ಮೇಲೆ ಕೊಕ್ಕು ತೆರೆದು ಎಷ್ಟು ಹೊತ್ತು ಏದುಸಿರು? ಮನುಷ್ಯನನ್ನು ಕಂಡು ಬೆದರುವುದೂ ಇಲ್ಲಿ ಒಳ್ಳೆಯ ಲಕ್ಷಣ. ತಿಂಗಳುಗಟ್ಟಲೆ ಮಾಂಸ ತಿನ್ನಿಸಿದವರೇ ಅದನ್ನು ಬಯಸಬೇಕು, ಎಂಥ ಪ್ರೀತಿ!

ನಿಮ್ಮ ಮನೆಯ ಬಳಿ ಮರದಲ್ಲೋ ತಂತಿಯಲ್ಲೋ ಮಾಂಜಾ ನೇತಾಡುತ್ತಿದ್ದರೆ ಅದನ್ನು ಇಂದೇ ತೆಗೆಸಿ.