ಅಂಬ್ಲಿಗೊಳಕ್ಕೊಂದು ಹೊಲಿದ ದೋಣಿ

ಮನೆಯಲ್ಲೇ ಹಾಯಿದೋಣಿ ಕಟ್ಟಲು ಹೊರಟವರ ಮನಸ್ಸು ಮೊದಲು ಸಾಗುವಾನಿಯ ಕಡೆಗೇ ಹೋಗುತ್ತದೆ. ಶಿಕಾರಿಪುರ, ಸೊರಬದ ಕಡೆ ಅದು ಸಹಜ. ಮರದ ಗುಣ ಬಲ್ಲ, ಗುಡಿಗಾರರ ಉಳಿಗೆ ಹೆಸರಾದ ಸೀಮೆಯಿದು. ಆದರೂ ಅಂಬ್ಲಿಗೊಳದಲ್ಲಿ ಇಳಿಸುವ ಮೊದಲ ದೋಣಿಗೆ ನನ್ನ ಆಯ್ಕೆ ಪ್ಲೈವುಡ್.

ಹಲಗೆ ಜೋಡಿಸಿ ಕಟ್ಟಿದ ದೋಣಿ ಸದಾ ನೀರಿನಲ್ಲೇ ಇರಬೇಕು. ಮರ ನೀರು ಕುಡಿದು ಉಬ್ಬಿದರೆ ಸಂದುಗಳು ಬಿಗಿಯುತ್ತವೆ. ಅಂಬ್ಲಿಗೊಳ ನೀರಾವರಿಯ ಜಲಾಶಯ. ನಾಲೆಗೆ ನೀರು ಬಿಟ್ಟಂತೆಲ್ಲ ದಡ ಹಿಂದೆ ಸರಿಯುತ್ತದೆ. ಬೇಸಿಗೆಗೆ ದೋಣಿ ಕೊಟ್ಟಿಗೆ ಸೇರಿದರೆ ಹಲಗೆ ಒಣಗಿ ಸಂದು ಬಾಯಿಬಿಡುತ್ತದೆ. ಪದರಗಳನ್ನು ಅಡ್ಡಕ್ಕೂ ಉದ್ದಕ್ಕೂ ಅಂಟಿಸಿದ ಪ್ಲೈವುಡ್ ಹಾಗೆ ಹಿಗ್ಗಿ ಕುಗ್ಗುವುದಿಲ್ಲ. ಅಂಗಡಿಯಲ್ಲಿ ಐಎಸ್ 710 ಮುದ್ರೆಯ ಮರೈನ್ ಪ್ಲೈ ಕೇಳಿ.

ನಕ್ಷೆ ಎರಡಿವೆ. ಮಕ್ಕಳಿಗಾದರೆ ಅಮೆರಿಕದ ಕ್ಲಾರ್ಕ್ ಮಿಲ್ಸ್ 1947ರಲ್ಲಿ ರೂಪಿಸಿದ ಆಪ್ಟಿಮಿಸ್ಟ್. ದೊಡ್ಡವರಿಬ್ಬರಿಗೆ ಬ್ರಿಟನ್ನಿನ ಜಾಕ್ ಹೋಲ್ಟ್ ಮತ್ತು ಬ್ಯಾರಿ ಬಕ್ನೆಲ್ 1960ರ ದಶಕದ ಆರಂಭದಲ್ಲಿ ಕೊಟ್ಟ ಮಿರರ್. ಸುಮಾರು 3.3 ಮೀಟರ್ ಉದ್ದದ ಈ ದೋಣಿ ಇದುವರೆಗೆ 70 ಸಾವಿರಕ್ಕೂ ಹೆಚ್ಚು ತಯಾರಾಗಿದೆ. ಮಿರರ್‌ನ ಜಾಣ್ಮೆ ಹೊಲಿಗೆಯಲ್ಲಿದೆ. ಹಾಳೆಗಳ ಅಂಚಿಗೆ ತೂತು ಕೊರೆದು ತಾಮ್ರದ ತಂತಿಯಿಂದ ಹೊಲಿದು, ಸಂದಿಗೆ ಗಾಜಿನ ನಾರಿನ ಪಟ್ಟಿ ಇಟ್ಟು ರಾಳ ಬಳಿಯುತ್ತಾರೆ.

ನಮ್ಮ ಕರಾವಳಿಗೆ ಇದು ಹೊಸ ವಿದ್ಯೆಯಲ್ಲ. ರಂಪಣಿ ದೋಣಿಯ ಹಲಗೆಗಳನ್ನು ಅಲ್ಲಿನ ಕಸುಬುದಾರರು ಕತ್ತದ ಹುರಿಯಿಂದಲೇ ಹೊಲಿಯುತ್ತಿದ್ದರು. ದೋಣಿ ದಂಡೆಯ ಮರಳಿಗೆ ಬಡಿದಾಗ ಹೊಲಿಗೆ ತುಸು ಬಾಗಿ ಏಟು ತಾಳುತ್ತಿತ್ತು. ಮೊಳೆಗೆ ಆ ಗುಣವಿಲ್ಲ.

ಕೆಲಸದ ಅಂದವೆಲ್ಲ ಗೆರೆಯಲ್ಲಿದೆ. ನಕ್ಷೆಯ ಅಳತೆಗೆ ಸಣ್ಣ ಮೊಳೆಗಳನ್ನು ನೆಟ್ಟು, ಗಂಟಿಲ್ಲದ ತೆಳು ರೀಪನ್ನು ಅವುಗಳಿಗೆ ಒತ್ತಿ ಬಾಗಿಸಿ. ಆಮೇಲೆ ಕಣ್ಣನ್ನು ಹಾಳೆಯ ಮಟ್ಟಕ್ಕೆ ತಂದು ನೋಡಿ. ಎಲ್ಲಿಯೂ ಉಬ್ಬು, ತಗ್ಗು ಕಾಣದಿದ್ದರೆ ಮಾತ್ರ ಪೆನ್ಸಿಲ್ ಎಳೆಯಿರಿ. ಹಾಳೆ ಕೊಯ್ದು ಹೊಲಿಯುವಾಗ ತಂತಿಯನ್ನು ಒಮ್ಮೆಗೇ ಬಿಗಿಯಬೇಡಿ. ಮೂತಿಯಿಂದ ಹಿಂಬದಿಯ ಎರಡೂ ಮೂಲೆಗಳಿಗೆ ದಾರ ಹಿಡಿದು ಅಳೆಯಿರಿ. ಅಳತೆ ಒಂದೇ ಬಂದರೆ ಒಡಲು ಒಂದು ಪಕ್ಕಕ್ಕೆ ಸೊಟ್ಟಗಾಗಿಲ್ಲ. ರಾಳ ಗಟ್ಟಿಯಾದ ಮೇಲೆ ಆ ತಪ್ಪು ತಿದ್ದಲಾಗದು.

ಮಳೆಗಾಲದ ತೇವದಲ್ಲಿ ಎಪಾಕ್ಸಿ ರಾಳ ಸರಿಯಾಗಿ ಕೂರುವುದಿಲ್ಲ. ಸಂಕ್ರಾಂತಿಗೆ ಶುರುಮಾಡಿ ಯುಗಾದಿಯೊಳಗೆ ಅಂಟಿನ ಕೆಲಸ ಮುಗಿಸಿ, ಜಲಾಶಯ ತುಂಬಿದ ಮೇಲೆ ಇಳಿಸುವುದು ಲೇಸು. ದೋಣಿಯ ನಡುವೆ ಇಳಿಬಿಡುವ ಹಲಗೆ ಮೇಲೆತ್ತುವಂತಿರಲಿ. ನೀರು ತಗ್ಗಿದಾಗ ಅದೇ ಕಾಯುತ್ತದೆ. ಇಳಿಸುವ ಮೊದಲು ಜಲಾಶಯ ನೋಡಿಕೊಳ್ಳುವ ಅಧಿಕಾರಿಗಳ ಒಪ್ಪಿಗೆ ಪಡೆಯಿರಿ; ಲೈಫ್ ಜಾಕೆಟ್ ತೊಡದೆ ಯಾರೂ ಹತ್ತಬಾರದು.

ಸೊರಬ, ಶಿಕಾರಿಪುರದ ಬಡಗಿಗಳಿಗೆ ಈ ಕೆಲಸಕ್ಕೆ ಬೇಕಾದ ಕೈ ಈಗಾಗಲೇ ಇದೆ. ಈ ಸಂಕ್ರಾಂತಿಗೆ ನಿಮ್ಮೂರಿನ ಒಬ್ಬ ಬಡಗಿಯನ್ನೂ ಇಬ್ಬರು ಹುಡುಗರನ್ನೂ ಕೂಡಿಸಿಕೊಂಡು ಮೊದಲ ಹಾಳೆ ಕೊಯ್ಯಿರಿ.