ಅಕ್ಕನ ವಿವಾಹಪ್ರಸಂಗ: ಹೆತ್ತವರ ಒಪ್ಪಿಗೆಯ ಪ್ರಶ್ನೆ

ಮಹಾದೇವಿಯಕ್ಕನಿಗೂ ಕೌಶಿಕನಿಗೂ ಲೌಕಿಕ ವಿವಾಹವು ನಡೆಯಿತೇ ಇಲ್ಲವೇ ಎಂಬುದು ಕನ್ನಡ ವಿದ್ವಾಂಸರಲ್ಲಿ ಬಹುಕಾಲದಿಂದ ಚರ್ಚಿತವಾಗಿರುವ ವಿಷಯ. ನಡೆಯಿತೆನ್ನುವವರು ಹರಿಹರನ ‘ಮಹಾದೇವಿಯಕ್ಕನ ರಗಳೆ’ಯನ್ನೂ, ಇಲ್ಲವೆನ್ನುವವರು ಚಾಮರಸನ ‘ಪ್ರಭುಲಿಂಗಲೀಲೆ’ಯನ್ನೂ ಆಧಾರವಾಗಿ ಹಿಡಿಯುತ್ತಾರೆ. ಈ ವಾದವಿವಾದದಲ್ಲಿ ಮತ್ತೊಂದು ಪ್ರಶ್ನೆ ಮರೆಯಾಗಿದೆ. ಕನ್ಯೆಯನ್ನು ಕೊಡುವ ಅಧಿಕಾರ ಯಾರದು? ಹೆತ್ತವರ ಒಪ್ಪಿಗೆಯೊಂದರಿಂದಲೇ ವಿವಾಹವು ಪವಿತ್ರವಾಗುವುದೇ? ಈ ದೃಷ್ಟಿಯಿಂದ ಆ ಪ್ರಸಂಗವನ್ನು ಪರಿಶೀಲಿಸುವುದು ಉಚಿತವಾಗಿದೆ.

ಹರಿಹರನ ರಗಳೆಯಲ್ಲಿ ಉಡುತಡಿಯ ಶಿವಭಕ್ತ ದಂಪತಿಗಳು ಮೊದಲು ಭವಿಯಾದ ಅರಸನಿಗೆ ಮಗಳನ್ನು ಕೊಡಲು ಒಪ್ಪುವುದಿಲ್ಲ. ಅರಸನ ಕಡೆಯಿಂದ ಬೆದರಿಕೆ ಬಂದೊಡನೆ ಅವರ ನಿಲುವು ಕುಸಿಯುತ್ತದೆ. ಒಪ್ಪಿಕೊಳ್ಳೆಂದು ಮಗಳನ್ನೇ ಬೇಡುತ್ತಾರೆ. ಹೀಗೆ ಇಲ್ಲಿ ಹೆತ್ತವರ ಸಮ್ಮತಿಯೇನೋ ದೊರೆಯಿತು. ಆದರೆ ಅದು ಭಯದಿಂದ ಹುಟ್ಟಿದ ಸಮ್ಮತಿ. ಮಹಾದೇವಿ ಅವರನ್ನುಳಿಸುವ ಸಲುವಾಗಿ ಒಪ್ಪಿದರೂ ತನ್ನ ಮಾತನ್ನು ಬಿಟ್ಟುಕೊಡುವುದಿಲ್ಲ. ಶಿವಪೂಜೆ, ಮಾಹೇಶ್ವರರ ಸಂಗ, ಗುರುಸೇವೆ ಇವು ತನ್ನ ಇಚ್ಛೆಯಂತೆ ನಡೆಯಬೇಕು, ಮೂರು ತಪ್ಪುಗಳವರೆಗೆ ಮಾತ್ರ ಸೈರಿಸುವೆನು ಎಂದು ಕಟ್ಟುಮಾಡುತ್ತಾಳೆ. ಮೂರೂ ತಪ್ಪುಗಳಾದ ಮೇಲೆ ಅರಮನೆಯನ್ನು ತೊರೆಯುತ್ತಾಳೆ. ಹೆತ್ತವರ ಒಪ್ಪಿಗೆಯಿಂದ ಆರಂಭವಾದ ದಾಂಪತ್ಯವು ಮಗಳ ನಿರ್ಧಾರದಿಂದ ಮುಗಿಯುತ್ತದೆ. ತಂದೆತಾಯಿಗಳನ್ನು ದೂಷಿಸದೆ, ಅವರ ದೌರ್ಬಲ್ಯವನ್ನು ಮರೆಮಾಚದೆ ಕಥೆ ಹೇಳಿದುದು ಹರಿಹರನ ಹಿರಿಮೆ.

ಎರಡು ಶತಮಾನಗಳಿಗೂ ಮಿಕ್ಕ ಕಾಲ ಕಳೆದ ಮೇಲೆ ಬಂದ ಚಾಮರಸನಿಗೆ ಈ ಮದುವೆ ಸಹ್ಯವಾಗಲಿಲ್ಲ. ಪಾರ್ವತಿಯ ಸಾತ್ತ್ವಿಕಕಳೆಯೇ ಮಹಾದೇವಿಯಾಗಿ ಅವತರಿಸಿದಳೆಂದು ಸಾರುವ ಕವಿ ಆಕೆಯನ್ನು ಭವಿಯ ಪತ್ನಿಯನ್ನಾಗಿಸದಿರುವುದು ಸಹಜವೇ. ಭಕ್ತಹೃದಯಕ್ಕೆ ಇದು ಸಮಾಧಾನವನ್ನು ತರುತ್ತದೆ. ಆದರೆ ಕಾವ್ಯದೃಷ್ಟಿಯಿಂದ ನೋಡಿದರೆ ಕಳಂಕಕ್ಕೆ ಅಂಜಿ ಸಂಕಟವನ್ನೇ ಕಡಿಮೆ ಮಾಡಿದಂತಾಗಿದೆ. ಮದುವೆಯ ಬಂಧನವನ್ನು ಹೊಕ್ಕು ಅದನ್ನು ಹರಿದು ಹೊರಬರುವ ಹರಿಹರನ ಮಹಾದೇವಿಯ ಧೈರ್ಯ ಇನ್ನೂ ದೊಡ್ಡದು.

ಈ ಎರಡು ಕಾವ್ಯಗಳಿಗಿಂತ ಮಿಗಿಲಾದ ಸಾಕ್ಷಿ ಅಕ್ಕನ ವಚನಗಳು. ಪ್ರಭುವಿನ ಮುಂದೆ ತನ್ನ ವಿವಾಹವನ್ನು ನಿವೇದಿಸುವ ವಚನವೊಂದರಲ್ಲಿ ಲಿಂಗವು ಮದುವಣಿಗ, ತಾನು ಮದುವಣಗಿತ್ತಿ. ಅಸಂಖ್ಯಾತ ಶರಣರೇ ತಾಯಿತಂದೆಗಳು. ತಕ್ಕ ವರನನ್ನು ನೋಡಿ ಕೊಟ್ಟವರು ಅವರೇ ಎಂಬ ಭಾವವಿದೆ. ಇದು ಬಹಳ ಸೂಕ್ಷ್ಮವಾದ ಮಾತು. ಹೆತ್ತವರನ್ನು ಮೀರಿದ ಅಕ್ಕ ಕೊಡುವವರೇ ಬೇಡವೆನ್ನಲಿಲ್ಲ. ಭುವನವೆಲ್ಲ ಅರಿಯುವಂತೆ ನಡೆದ ಮದುವೆ ತನ್ನದೆಂಬುದೇ ಆಕೆಯ ಹೆಮ್ಮೆ. ಸ್ವೇಚ್ಛೆಯ ಆರೋಪಕ್ಕೆ ಇಲ್ಲಿ ಎಡೆಯಿಲ್ಲ. ಹೆತ್ತವರೆಂಬ ಪದದ ಅರ್ಥವೇ ಇಲ್ಲಿ ಹಿಗ್ಗಿದೆ: ಮಗಳ ಅಂತರಂಗವನ್ನರಿತು ತಕ್ಕವನಿಗೆ ಕೊಡಬಲ್ಲವರೇ ನಿಜವಾದ ತಾಯಿತಂದೆಗಳು.

ಕಲ್ಯಾಣದಲ್ಲಿ ನಡೆದುದು ಇದಕ್ಕೆ ವಿಲೋಮವಾದ ಕಥೆ. ಪರಂಪರೆಯು ಹೇಳುವಂತೆ ಹರಳಯ್ಯ, ಮಧುವರಸ ಈ ಇಬ್ಬರು ತಂದೆಯರೂ ಮನವಾರೆ ಒಪ್ಪಿದ್ದರು. ಒಪ್ಪದಿದ್ದುದು ವರ್ಣಾಭಿಮಾನ, ದಂಡಿಸಿದುದು ರಾಜಶಕ್ತಿ. ಉಡುತಡಿಯಲ್ಲಿ ಹೆತ್ತವರಿಂದ ಸಮ್ಮತಿಯನ್ನು ಬಲಾತ್ಕಾರವಾಗಿ ಕಿತ್ತುಕೊಂಡ ಅಧಿಕಾರವೇ ಕಲ್ಯಾಣದಲ್ಲಿ ಅವರ ಸಮ್ಮತಿಯನ್ನು ಅಪರಾಧವೆಂದಿತು. ಹೆತ್ತವರ ಒಪ್ಪಿಗೆಯೆಂದು ನಾವು ಕರೆಯುವುದರ ಹಿಂದೆ ಅನೇಕ ವೇಳೆ ಲೋಕದ ಅಂಜಿಕೆಯೇ ಅಡಗಿರುತ್ತದೆ.

ಈ ವಿಚಾರವು ಕೇವಲ ಪ್ರಾಚೀನ ಸಾಹಿತ್ಯದ ಚರ್ಚೆಯಾಗಿ ಉಳಿಯಲಾರದು. ವಯಸ್ಕರಾದ ಇಬ್ಬರು ಪರಸ್ಪರ ಒಪ್ಪಿ ಮದುವೆಯಾಗಲು ಕುಟುಂಬದ ಇಲ್ಲವೆ ಸಮುದಾಯದ ಸಮ್ಮತಿ ಅವಶ್ಯವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಸ್ಪಷ್ಟಪಡಿಸಿತು. ಆದರೂ ಜಾತಿಯ ಹೆಸರಿನಲ್ಲಿ ಮಕ್ಕಳ ಪ್ರಾಣವನ್ನೇ ತೆಗೆಯುವ ತಂದೆಯರ ಸುದ್ದಿ ನಮ್ಮ ನಾಡಿನಲ್ಲಿ ನಿಂತಿಲ್ಲ. ಅಕ್ಕನ ಭಾವಚಿತ್ರಕ್ಕೆ ಹೂವೇರಿಸುವ ಮನೆಯಲ್ಲಿ ಮಗಳು ಬಾಯಿ ತೆರೆದರೆ ಅವಿಧೇಯಳೆನಿಸುವುದು ವಿಪರ್ಯಾಸವೇ ಸರಿ.

ತಂದೆತಾಯಿಗಳ ಆಶೀರ್ವಾದ ಬೇಡವೆಂದು ಅಕ್ಕನ ಚರಿತೆ ಬೋಧಿಸುವುದಿಲ್ಲ. ಆಶೀರ್ವದಿಸುವವರಿಗೆ ಯೋಗ್ಯತೆ ಬೇಕೆಂಬುದನ್ನು ಮಾತ್ರ ಅದು ನೆನಪಿಸುತ್ತದೆ. ಆ ಯೋಗ್ಯತೆಯನ್ನು ಸಂಪಾದಿಸುವುದು ಹೆತ್ತವರ ಹೊಣೆ.