ದತ್ತು ತೆಗೆದುಕೊಂಡವರು ಯಾರು?

ದಲಿತ ವಿಮರ್ಶೆ ಅಂದರೆ ಕತೆ, ಕವಿತೆ, ಆತ್ಮಕಥನಗಳನ್ನು ಓದುವುದು ಅಂತ ನಾವೇ ಗೆರೆ ಹಾಕಿಕೊಂಡು ಕೂತಿದ್ದೇವೆ. ವೈದ್ಯಕೀಯ ಸಂಶೋಧನೆಯ ಲೇಖನವೂ ಒಂದು ಕೃತಿಯೇ. ಅದಕ್ಕೂ ಕರ್ತೃ ಇದ್ದಾನೆ, ಓದುಗ ಇದ್ದಾನೆ, ಒಳಗೆ ಹೆಸರಿಲ್ಲದ ಪಾತ್ರಗಳಿವೆ. ಆ ಪಾತ್ರಗಳಲ್ಲಿ ನಮ್ಮ ಕೇರಿಯವರು ಎಷ್ಟು ಜನ, ಕರ್ತೃಗಳಲ್ಲಿ ಎಷ್ಟು ಜನ? ವಿಮರ್ಶೆ ಇಲ್ಲಿಂದ ಶುರುವಾಗಬೇಕು.

ಚಿಂತಾಮಣಿ, ಗೌರಿಬಿದನೂರು ಕಡೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನುತ್ತದೆ ಮಾನದಂಡ. ದಾಟಿದ ಊರುಗಳ ಬಗ್ಗೆ ಇಂಗ್ಲಿಷಿನಲ್ಲಿ ಲೇಖನಗಳು ಬಂದಿವೆ. ಹಲ್ಲು ಕಂದುಗಟ್ಟಿದ ಮಕ್ಕಳು ಅಲ್ಲಿ ಶೇಕಡಾವಾರು ಲೆಕ್ಕವಾಗುತ್ತಾರೆ. ಯಾವ ಕೇರಿಗೆ ಯಾವ ಬೋರ್‌ವೆಲ್ ನೀರು, ಶುದ್ಧ ನೀರಿನ ಘಟಕ ಊರಿನ ಯಾವ ಬದಿಗಿದೆ? ಇದನ್ನು ಕೇಳದ ಸಂಶೋಧನೆ ನೀರನ್ನು ಅಳೆದೀತು, ಊರನ್ನು ಅಳೆಯಲಾರದು. ಶಿಡ್ಲಘಟ್ಟದ ರೀಲಿಂಗ್ ಘಟಕಗಳಲ್ಲಿ ದಿನವಿಡೀ ಬಿಸಿನೀರಿನಲ್ಲಿ ಕೈಯಿಟ್ಟು ರೇಷ್ಮೆಗೂಡಿನ ಎಳೆ ಬಿಚ್ಚುವ ದಲಿತ, ಬಡ ಮುಸ್ಲಿಂ ಹೆಂಗಸರ ಒಡೆದ ಚರ್ಮದ ಮಾತೂ ಇದೇ.

ಲೇಖನ ಬರುವುದಾದರೂ ಯಾಕೆ? ಪಿಎಚ್.ಡಿ.ಗೆ ಲೇಖನ ಪ್ರಕಟಿಸಲೇಬೇಕೆಂಬ ನಿಯಮವನ್ನು ಯುಜಿಸಿ 2022ರಲ್ಲಿ ಕೈಬಿಟ್ಟಿತು. ಆದರೆ ವೈದ್ಯಕೀಯ ಅಧ್ಯಾಪಕರ ಬಡ್ತಿಗೆ ಲೇಖನಗಳ ಲೆಕ್ಕ ನಿಂತಿಲ್ಲ. ದುಡ್ಡು ಕೊಟ್ಟರೆ ಅಚ್ಚು ಹಾಕುವ ನಿಯತಕಾಲಿಕೆಗಳು ಬದುಕಿರುವುದು ಈ ಹಸಿವಿನ ಮೇಲೆ. ಹಲ್ಲು ತೋರಿಸಿದ ಮಗುವಿನ ಮನೆಗೆ ಆ ಲೇಖನ ಬರುವುದಿಲ್ಲ.

2007ರಲ್ಲಿ ಹುಟ್ಟಿದ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಮುದ್ದೇನಹಳ್ಳಿಯಲ್ಲಿ 2023ರಲ್ಲಿ ಇನ್ನೊಂದು ಉದ್ಘಾಟನೆಯಾಯಿತು. ಸಂತೋಷ. ಈಗ ರಾಷ್ಟ್ರೀಯ ವೈದ್ಯಕೀಯ ಆಯೋಗದ ಪಠ್ಯಕ್ರಮದಂತೆ ಎಂಬಿಬಿಎಸ್ ವಿದ್ಯಾರ್ಥಿಗಳು ಹಳ್ಳಿಯ ಕುಟುಂಬಗಳನ್ನು 'ದತ್ತು' ತೆಗೆದುಕೊಳ್ಳಬೇಕು. ಉದ್ದೇಶ ಒಳ್ಳೆಯದೇ ಇರಲಿ, ಪದವನ್ನು ನೋಡಿ. ಹತ್ತೊಂಬತ್ತರ ಹುಡುಗ ಅರವತ್ತರ ಅಜ್ಜಿಯನ್ನು ದತ್ತು ತಗೊಳ್ಳುವುದು! ಅವಳ ಜಗಲಿಯಲ್ಲಿ ಕೂತು, ಅವಳ ಬಿಪಿ ಬರೆದುಕೊಂಡು ಕಲಿಯುವವನು ಅವನು. ಮೈ ಕೊಟ್ಟು ಕಲಿಸುವವಳು ಅವಳು. ಹಾಗಾದರೆ ಯಾರು ಯಾರನ್ನು ಸಾಕುತ್ತಿದ್ದಾರೆ? ಆ ಮನೆಯ ಲೋಟದಲ್ಲಿ ಅವನು ನೀರು ಕುಡಿದನೋ ಇಲ್ಲವೋ ಬರೆಯಲು ಲಾಗ್‌ಬುಕ್ಕಿನಲ್ಲಿ ಕಲಂ ಉಂಟೇ?

ಕಾಲೇಜಿನ ಒಳಗೂ ಜಾತಿ ಇದೆ. ದೆಹಲಿಯ ಏಮ್ಸ್‌ನಲ್ಲಿ ದಲಿತ, ಆದಿವಾಸಿ ವಿದ್ಯಾರ್ಥಿಗಳ ಮೇಲಿನ ತಾರತಮ್ಯವನ್ನು ಸುಖದೇವ್ ಥೋರಟ್ ಸಮಿತಿ 2007ರಲ್ಲೇ ದಾಖಲಿಸಿತು. 2019ರಲ್ಲಿ ಮುಂಬೈಯಲ್ಲಿ ಆದಿವಾಸಿ ವೈದ್ಯೆ ಪಾಯಲ್ ತಡ್ವಿ ಜೀವ ಕಳೆದುಕೊಂಡಾಗ, ಹಿರಿಯ ವಿದ್ಯಾರ್ಥಿನಿಯರ ಜಾತಿನಿಂದನೆಯೇ ಕಾರಣವೆಂದು ಮನೆಯವರು ದೂರು ಕೊಟ್ಟರು. ಥೋರಟ್ ವರದಿಯಲ್ಲಿ ಸಂಶೋಧನೆಯ ಕಣ್ಣು ಮೇಲುಮುಖವಾಗಿತ್ತು. ಅಂಥ ಕಣ್ಣು ನಮಗೆ ಬೇಕು.

ಸಂಘಟನೆಗಳು ಕೇಳಬೇಕಾದದ್ದು ಇಷ್ಟೇ. ನಮ್ಮ ಊರಿನ ಮೇಲೆ ನಡೆದ ಸಂಶೋಧನೆಯ ಸಾರ ಕನ್ನಡದಲ್ಲಿ, ತೆಲುಗು ಮಾತಾಡುವ ಮನೆಗಳಿಗೆ ತೆಲುಗಿನಲ್ಲಿ, ಗ್ರಾಮಸಭೆಯ ಮುಂದೆ ಬರಲಿ. ಜನ ಒಪ್ಪಲಿ, ಬೇಕಾದರೆ ಜಗಳವಾಡಲಿ. ವೈದ್ಯಕೀಯ ಓದುತ್ತಿರುವ ನಮ್ಮ ಹುಡುಗ ಹುಡುಗಿಯರು ತಮ್ಮ ಎಂ.ಡಿ. ಪ್ರಬಂಧಕ್ಕೆ ಆ ರೀಲಿಂಗ್ ಘಟಕವನ್ನು, ಆ ಬೋರ್‌ವೆಲ್ಲನ್ನು ಆರಿಸಿಕೊಳ್ಳಲಿ. ಬರೆದದ್ದನ್ನು ನಾವು ವಿಮರ್ಶಕರು ಕಾದಂಬರಿಯಷ್ಟೇ ನಿಷ್ಠುರವಾಗಿ ಓದೋಣ.